ಟೋಪಿ ಕೇಳಿತ್ತು, ಭಾವ ಕೇಳಲಿಲ್ಲ

ವಸಂತ, ಗ್ರೀಷ್ಮ ಎಂದು ಆರು ಋತುಗಳನ್ನು ಎಣಿಸುವ ನಮ್ಮ ಪಂಚಾಂಗದವರು ಏಳನೆಯದನ್ನು ಸೇರಿಸಿಕೊಳ್ಳಲು ಇನ್ನೂ ಮನಸ್ಸು ಮಾಡಿಲ್ಲ. ಏಪ್ರಿಲ್‌ನಲ್ಲಿ ಪಿಯುಸಿ ಫಲಿತಾಂಶದಿಂದ ಶುರುವಾಗಿ, ಜೆಇಇ, ಸಿಇಟಿ ದಾಟಿ, ಜೂನ್‌ನಲ್ಲಿ ನೀಟ್ ಫಲಿತಾಂಶ ಬರುವ ತನಕ ನಡೆಯುವ ಫ್ಲೆಕ್ಸ್ ಋತು ಅದು. ಆ ದಿನಗಳಲ್ಲಿ ಹಾಸನದ ಎನ್.ಆರ್. ವೃತ್ತದಲ್ಲಿ ನಿಂತು ತಲೆ ಎತ್ತಿದರೆ ಆಕಾಶಕ್ಕಿಂತ ಮೊದಲು ಮಕ್ಕಳ ಮುಖ ಕಾಣುತ್ತದೆ. ಹುಟ್ಟುಹಬ್ಬದ ಶುಭಾಶಯ ಹೇಳಿಸಿಕೊಳ್ಳುವ ಮರಿ ಪುಢಾರಿಗಳು ಕೂಡ ಎರಡು ತಿಂಗಳು ಜಾಗ ಬಿಟ್ಟುಕೊಡುತ್ತಾರೆ.

ಒಂದೇ ಹುಡುಗಿ ಬಿ.ಎಂ. ರಸ್ತೆಯಲ್ಲಿ ಒಂದು ಕಾಲೇಜಿನ ಹೆಮ್ಮೆ, ಬಸ್ ಸ್ಟ್ಯಾಂಡ್ ಎದುರು ಒಂದು ಕೋಚಿಂಗ್ ಸೆಂಟರಿನ ಕಿರೀಟ, ಮುಂದಿನ ತಿರುವಿನಲ್ಲಿ ಯಾವುದೋ ಆ್ಯಪ್‌ನ ಸಾಧನೆ. ಮೂರೂ ಕಡೆ ಅದೇ ಫೋಟೊ, ಅದೇ ರ‍್ಯಾಂಕು. ಒಬ್ಬಳೇ ಮೂರು ಕಡೆ ಪ್ರತ್ಯಕ್ಷಳಾಗಲು ಪುರಾಣದ ಕಾಲದಲ್ಲಾದರೆ ತಪಸ್ಸು ಮಾಡಬೇಕಿತ್ತು. ಈಗ ಮೂರು ಟೆಸ್ಟ್ ಸೀರೀಸ್‌ಗೆ ಹೆಸರು ಕೊಟ್ಟರೆ ಸಾಕು. ಈ ಪವಾಡಗಳು ಎಷ್ಟು ಹೆಚ್ಚಿದವೆಂದರೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಆಯ್ಕೆಯಾದ ಮೇಲೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆಯದೆ ಫೋಟೊ ಹಾಕಬಾರದು. ಯಾವ ಕೋರ್ಸು, ಎಷ್ಟು ಕಾಲ, ದುಡ್ಡು ಕೊಟ್ಟು ಕಲಿತದ್ದೋ ಪುಕ್ಕಟೆಯೋ ಎಂದು ಹೇಳಬೇಕು. ಸೀಟು ಗ್ಯಾರಂಟಿ ಅನ್ನಬಾರದು. ಫ್ಲೆಕ್ಸಿನವರು ಕಾನೂನು ಮೀರುವ ಜನವಲ್ಲ. ಹುಡುಗಿಯ ಮುಖ ಎಂಟಡಿ ಎತ್ತರ. ಕೋರ್ಸಿನ ವಿವರ ಕೆಳಗಡೆ ಇರುವೆ ಸಾಲು. ಓದಬೇಕೆಂದಿದ್ದರೆ ಏಣಿ ತರಬೇಕು.

ಈ ಫ್ಲೆಕ್ಸ್ ಓದುವುದು ಅಪ್ಪಟ ಲೋಕಜ್ಞಾನ ಎಂದು ನಮ್ಮ ಭಾವ ನಂಬಿದ್ದಾರೆ. ಅವರ ಮಗ ಓದುವುದು ಮಾತ್ರ ಕಟ್ಟುಕತೆ.

ಮಗ, ಅಂದರೆ ನನ್ನ ಅಕ್ಕನ ಮಗ, ಸೆಕೆಂಡ್ ಪಿಯುಸಿ. ಅವನ ಕೋಣೆಯ ಗೋಡೆಯಲ್ಲಿ ಒಂದು ಕಡೆ ಪೀರಿಯಾಡಿಕ್ ಟೇಬಲ್, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಡ್ರ್ಯಾಗನ್. ಟೇಬಲ್ಲಿನ ಎರಡು ಮೂಲೆ ಅಂಟು ಬಿಟ್ಟು, ಹೀಲಿಯಮ್ ಇರುವ ತುದಿ ಮುಂದಕ್ಕೆ ಬಾಗಿಕೊಂಡಿದೆ. ಡ್ರ್ಯಾಗನ್ನಿಗೆ ನಾಲ್ಕೂ ಮೂಲೆಗೆ ಡಬಲ್ ಟೇಪು. ‘ಗೇಮ್ ಆಫ್ ಥ್ರೋನ್ಸ್’ ಕತೆಯ ಟಾರ್ಗೇರಿಯನ್ ಮನೆತನದಲ್ಲಿ ಯಾರಿಗೆ ಯಾರು ಹುಟ್ಟಿದರು, ಯಾರನ್ನು ಯಾರು ಮುಗಿಸಿದರು ಎಲ್ಲ ಬಾಯಿಪಾಠ. ಸ್ವಂತ ಮುತ್ತಾತನ ಹೆಸರು ಕೇಳಿದರೆ ಅಮ್ಮನ ಮುಖ ನೋಡುತ್ತಾನೆ.

ಈ ಬಾಬತ್ತಿನಲ್ಲಿ ಅಪ್ಪ ಮಗನಿಗೆ ನೇರ ಮಾತು ನಿಂತಿದೆ. ಊಟಕ್ಕೆ ಕೂತಾಗ ಭಾವ, ‘ನಿನ್ನ ಮಗನಿಗೆ ಕೇಳು, ಕೆಮಿಸ್ಟ್ರಿ ಟೆಸ್ಟ್ ಏನಾಯ್ತು ಅಂತ’ ಅನ್ನುತ್ತಾರೆ. ಮಗ, ‘ಮುಂದಕ್ಕೆ ಹೋಗಿದೆ ಅಂತ ಹೇಳಮ್ಮ’ ಅನ್ನುತ್ತಾನೆ. ಇಬ್ಬರ ನಡುವೆ ಒಂದೂವರೆ ಅಡಿ ಅಂತರ. ಉಪ್ಪಿನಕಾಯಿ ಬಾಟಲಿ ಕೂಡ ಅಕ್ಕನ ಕೈಗೆ ಬಂದೇ ಆಚೆ ದಡ ಸೇರಬೇಕು. ಕೊನೆಗೆ ಅಕ್ಕ ನನಗೆ ಫೋನ್ ಮಾಡಿದಳು: ‘ಒಂದ್ಸಲ ಬಂದು ಬುದ್ಧಿ ಹೇಳೋ. ನಿನ್ನ ಮಾತಾದ್ರೆ ಕೇಳ್ತಾನೆ.’ ಸೋದರಮಾವ ಇರುವುದೇ ಇಂಥದ್ದಕ್ಕೆ. ಹೋದೆ.

ಭಾವ ಕಾಫಿ ಲೋಟ ಕೆಳಗಿಟ್ಟು, ‘ನೋಡಪ್ಪ, ಹದಿನೇಳು ತುಂಬಿತು. ಇನ್ನೂ ಮಾಯ ಮಂತ್ರ ಅಂತ ಕೂತಿದಾನೆ. ನೆಲದ ಮೇಲೆ ನಡಿಯೋದು ಯಾವಾಗ ಕಲೀತಾನೆ ಇವನು?’ ಅಂದರು.

ಸರಿ, ನೆಲದ ಮೇಲೆಯೇ ನಡೆಯೋಣ. 2024ರ ನೀಟ್ ತೆಗೆದುಕೊಳ್ಳಿ. ಒಟ್ಟು 720 ಅಂಕ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಡಿತ. ಎಲ್ಲ ಸರಿ ಮಾಡಿ ಒಂದನ್ನು ಬಿಟ್ಟರೆ 716. ಬಿಡದೆ ತಪ್ಪು ಬರೆದರೆ 715. ಅದರ ಮೇಲೆ ಇರುವುದು 720 ಒಂದೇ. ಆದರೂ ಜೂನ್ 4ಕ್ಕೆ ಫಲಿತಾಂಶ ಬಂದಾಗ 718, 719 ತೆಗೆದ ಮಕ್ಕಳೂ ಇದ್ದರು. ಪರೀಕ್ಷಾ ಕೇಂದ್ರದಲ್ಲಿ ಸಮಯ ನಷ್ಟವಾಗಿದ್ದಕ್ಕೆ 1563 ಮಂದಿಗೆ ಕೃಪಾಂಕ ಕೊಟ್ಟೆವು ಎಂದು ಆಮೇಲೆ ವಿವರಣೆ ಬಂತು. ಮೊದಲ ರ‍್ಯಾಂಕು ಬಂದದ್ದು ಒಬ್ಬರಿಗಲ್ಲ, 67 ಮಂದಿಗೆ. ಕೃಪಾಂಕ ರದ್ದಾಗಿ ಮರುಪರೀಕ್ಷೆ ನಡೆದ ಮೇಲೆ 61 ಆದರು. ಫಿಸಿಕ್ಸಿನ ಒಂದು ಪ್ರಶ್ನೆಗೆ ಎರಡು ಉತ್ತರವನ್ನೂ ಸರಿ ಎಂದು ಒಪ್ಪಿದ್ದರು. ಸುಪ್ರೀಂ ಕೋರ್ಟ್ ದಿಲ್ಲಿ ಐಐಟಿಯವರ ಅಭಿಪ್ರಾಯ ಕೇಳಿತು, ಸರಿ ಇರುವುದು ಒಂದೇ ಎಂದು ತಿಳಿಯಿತು, ಮೊದಲ ರ‍್ಯಾಂಕಿನವರು ಹದಿನೇಳಕ್ಕೆ ಇಳಿದರು. ಎರಡು ತಿಂಗಳು ತುಂಬುವಷ್ಟರಲ್ಲಿ ದೇಶದ ಐವತ್ತು ಮಂದಿ ಫಸ್ಟ್ ರ‍್ಯಾಂಕಿನವರು ಮಾಯ. ನಮ್ಮ ಹುಡುಗನ ಪುಸ್ತಕದಲ್ಲಿ ಐವತ್ತು ಜನ ಮಾಯವಾಗಬೇಕಾದರೆ ಒಂದು ಡ್ರ್ಯಾಗನ್ನಾದರೂ ಬರಬೇಕು.

ಅದೇ ವರ್ಷದ ಸಿಇಟಿಯೂ ಕಡಿಮೆ ಇರಲಿಲ್ಲ. ನಾಲ್ಕು ವಿಷಯ ಸೇರಿ 240 ಪ್ರಶ್ನೆಗಳು. ಅವುಗಳಲ್ಲಿ ಐವತ್ತು ಸಿಲೆಬಸ್‌ನಲ್ಲೇ ಇಲ್ಲ ಎಂದು ಗದ್ದಲವಾಗಿ, ಕೊನೆಗೆ ಆ ಐವತ್ತನ್ನೂ ಲೆಕ್ಕದಿಂದ ಕೈಬಿಟ್ಟರು. ‘ಮಾಮ, ಆ ಐವತ್ತು ಪ್ರಶ್ನೆಗಳ ಮಟ್ಟಿಗೆ ಓದಿದವನೂ ಓದದವನೂ ಒಂದೇ’ ಎಂದು ಹುಡುಗ ಮೆಲ್ಲಗೆ ಹೇಳಿದ. ಅವನ ಜೀವನದಲ್ಲಿ ಶಿಕ್ಷಣ ಇಲಾಖೆ ಕೊಟ್ಟ ಅತಿ ದೊಡ್ಡ ಸಮಾಧಾನ ಅದು.

ಇನ್ನು ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಕೌನ್ಸೆಲಿಂಗ್. ಆಪ್ಷನ್ ಎಂಟ್ರಿ ಆದ ಮೇಲೆ ಮೊದಲು ಬರುವುದು ಅಣಕು ಸೀಟು ಹಂಚಿಕೆ. ನಿನಗೆ ಇಂಥ ಕಾಲೇಜು, ಇಂಥ ಕೋರ್ಸು ಎಂದು ಸರ್ಕಾರದ ವೆಬ್‌ಸೈಟೇ ತೋರಿಸುತ್ತದೆ. ಆದರೆ ಆ ಸೀಟು ನಿನ್ನದಲ್ಲ. ಅಂದಾಜಿಗೆ ಕೊಟ್ಟದ್ದು, ಆಪ್ಷನ್ ಬೇಕಿದ್ದರೆ ಬದಲಿಸಿಕೋ ಎಂದು ಅರ್ಥ. ಭಾವನ ಪಕ್ಕದ ಮನೆಯವರಿಗೆ ಇದು ಗೊತ್ತಿರಲಿಲ್ಲ. ಅಣಕು ಸೀಟಿಗೇ ಬೀದಿಗೆಲ್ಲ ಪೇಡಾ ಹಂಚಿಬಿಟ್ಟರು. ಅಸಲಿ ಹಂಚಿಕೆಯ ದಿನ ಆ ಮನೆಯ ಬಾಗಿಲು ಹಾಕಿತ್ತು. ಪೇಡಾ ಮಾತ್ರ ಅಸಲಿಯಾಗಿತ್ತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಹುಡುಗನ ಲೋಕದ ನ್ಯಾಯ ಬೇರೆ. ಹ್ಯಾರಿ ಪಾಟರ್ ಶಾಲೆಗೆ ಸೇರಿದ ದಿನ ಅವನ ತಲೆಯ ಮೇಲೆ ಹಳೆಯ ಟೋಪಿಯೊಂದನ್ನು ಇಡುತ್ತಾರೆ. ಯಾವ ಮಗು ಯಾವ ಬಣಕ್ಕೆ ಎಂದು ಗೊತ್ತುಮಾಡುವುದು ಅದರ ಕೆಲಸ. ಟೋಪಿಗೆ ಸ್ಲಿದರಿನ್ ಕಡೆ ಒಲವು. ಹುಡುಗ ಮನಸ್ಸಿನಲ್ಲೇ ಅದೊಂದು ಬೇಡ ಅಂದ. ಟೋಪಿ ಕೇಳಿಸಿಕೊಂಡು ಗ್ರಿಫಿಂಡರ್‌ಗೆ ಹಾಕಿತು. ತೇಪೆ ಹಾಕಿದ ಮಾಸಲು ಬಟ್ಟೆ. ಅದಕ್ಕೂ ಹನ್ನೊಂದು ವರ್ಷದ ಹುಡುಗನ ಮಾತು ಕೇಳುವಷ್ಟು ವ್ಯವಧಾನ ಇತ್ತು.

ನಮ್ಮ ಮನೆಯಲ್ಲಿ ಆ ಶಾಸ್ತ್ರ ನಡೆದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶದ ಸಂಜೆ. ಹುಡುಗ ಬಾಯಿಬಿಟ್ಟೇ ಹೇಳಿದ: ‘ಎಚ್‌ಇಪಿಎಸ್ ತಗೋತೀನಿ. ಹಿಸ್ಟರಿ ಇಷ್ಟ.’ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಆಯಿತು. ಅವನ ಅಜ್ಜಿ ಕುಡಿಯಲು ನೀರು ಕೇಳಿದರು. ತೊಂಬತ್ತರ ಮೇಲೆ ಪರ್ಸೆಂಟೇಜ್ ಬಂದ ಹುಡುಗ ಆರ್ಟ್ಸ್ ಕೇಳಿದರೆ ಅದಕ್ಕೆ ದೃಷ್ಟಿ ತೆಗೆಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಭಾವ ದೃಷ್ಟಿ ತೆಗೆಸಲಿಲ್ಲ, ಸಮಾಧಾನವಾಗಿಯೇ ಹೇಳಿದರು: ‘ಪಿಸಿಎಂಬಿ ತಗೋ. ಮ್ಯಾತ್ಸೂ ಇರುತ್ತೆ, ಬಯಾಲಜಿನೂ ಇರುತ್ತೆ. ಎರಡೂ ಬಾಗಿಲು ತೆಗೆದಿರುತ್ತೆ.’ ಎರಡೂ ಕಡೆ ಬಾಗಿಲು ತೆಗೆದ ಮನೆಯಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ, ಪುಸ್ತಕದ ಹಾಳೆ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಎರಡನೇ ಭಾಷೆಗೆ ಸಂಸ್ಕೃತ. ಕಾಳಿದಾಸನ ಮೇಲಿನ ಮೋಹಕ್ಕಲ್ಲ, ನೂರಕ್ಕೆ ನೂರರ ಮೇಲಿನ ಮೋಹಕ್ಕೆ.

ಅದೇ ಕತೆಯಲ್ಲಿ ಹರ್ಮಯೋನಿ ಎಂಬ ಹುಡುಗಿಗೆ ಒಂದೇ ಹೊತ್ತಿನಲ್ಲಿ ಎರಡು ಕ್ಲಾಸಿಗೆ ಹೋಗಲು ಕಾಲವನ್ನು ಹಿಂದಕ್ಕೆ ತಿರುಗಿಸುವ ಸಾಧನ ಕೊಡುತ್ತಾರೆ. ವರ್ಷ ಮುಗಿಯುವಷ್ಟರಲ್ಲಿ ಅವಳಿಗೇ ಸಾಕಾಗಿ ವಾಪಸು ಕೊಡುತ್ತಾಳೆ. ಅವಳು ಓದಿನಲ್ಲಿ ಇಡೀ ಶಾಲೆಗೇ ಮುಂದು, ಮಂತ್ರ ಬೇರೆ ಬರುತ್ತದೆ, ಅವಳಿಗೇ ಆಗಲಿಲ್ಲ. ನಮ್ಮಲ್ಲಿ ಬೆಳಗಿನ ಜಾವ ಕೋಚಿಂಗು, ಹಗಲು ಕಾಲೇಜು, ಸಂಜೆ ಡೌಟ್ ಕ್ಲಾಸು, ರಾತ್ರಿ ಟೆಸ್ಟು. ಸಾಧನವೂ ಇಲ್ಲ, ವಾಪಸು ಕೊಡುವ ಕೌಂಟರೂ ಇಲ್ಲ.

ಮುಂದೂಡುವ ಚಟದ ವಿಷಯಕ್ಕೆ ಬಂದರೆ ಭಾವನ ಸಿಟ್ಟಿಗೆ ಆಧಾರವಿದೆ. ಹುಡುಗ ನಾಳೆ ಅಂದದ್ದು ನಾಳೆ ಆಗುವುದಿಲ್ಲ. ಆದರೆ ಈ ವಿಷಯದಲ್ಲಿ ಅವನ ಬೆನ್ನಿಗೆ ಸರ್ಕಾರವೇ ನಿಂತಿದೆ. 2023-24ರ ಸಾಲಿನಲ್ಲಿ ಪಿಯುಸಿಗೆ ವಾರ್ಷಿಕ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಇಟ್ಟುಕೊಳ್ಳಬಹುದು. ನನ್ನನ್ನು ಕೇಳಿದರೆ ಯೋಜನೆ ಕೆಟ್ಟದ್ದಲ್ಲ. ಮಾರ್ಚಿನ ಒಂದು ಜ್ವರಕ್ಕೆ ಮಗುವಿನ ಒಂದು ವರ್ಷ ಹಾಳಾಗುವುದು ತಪ್ಪಿತು, ‘ಸಪ್ಲಿಮೆಂಟರಿ’ ಎಂದು ನೆಂಟರು ಮೂಗು ಮುರಿಯುವುದೂ ತಪ್ಪಿತು. ಆದರೆ ನಮ್ಮ ಹುಡುಗನಿಗೆ ಅದು ಕೇಳಿಸಿದ್ದು ಬೇರೆ ಥರ. ‘ಪರೀಕ್ಷೆ-1 ಟ್ರೇಲರ್ ಮಾಮ. ಟೂ ಇಂಟರ್‌ವಲ್. ತ್ರೀಗೆ ಸೀರಿಯಸ್ಸಾಗಿ ಕೂತ್ಕೋತೀನಿ.’ ಅಷ್ಟು ಸಾಲದೆಂಬಂತೆ ಪಾಸಾಗಲು 35 ಬೇಕಿದ್ದದ್ದು 33ಕ್ಕೆ ಇಳಿಯುತ್ತದೆ ಎಂದು 2025ರಲ್ಲಿ ಪ್ರಕಟವಾಯಿತು. ಆ ಸಂಜೆ ಅವನು ಎರಡು ಅಂಕದಷ್ಟು ಓದನ್ನು ಲೆಕ್ಕಹಾಕಿ ಕಡಿಮೆ ಮಾಡಿದ. ರಾಜ್ಯದ ನೀತಿಗೆ ಇಷ್ಟು ಬೇಗ ಸ್ಪಂದಿಸಿದ ಪ್ರಜೆ ಇನ್ನೊಬ್ಬ ಇರಲಾರ.

ನಾನು ಬಂದ ಕೆಲಸ ನೆನಪಾಗಿ, ‘ಏನೋ ಇದು, ಕೊಟ್ಟ ಕೆಲಸಾನ ಕೊಟ್ಟ ದಿನಕ್ಕೆ ಮುಗಿಸೋದು ಬೇಡ್ವಾ?’ ಎಂದು ಗದರಿದೆ. ಅವನು ಫೋನ್ ಪಕ್ಕಕ್ಕಿಟ್ಟ. ಅದೇ ದೊಡ್ಡ ಮರ್ಯಾದೆ.

‘ಯಾರು ಮುಗಿಸಿದಾರೆ ಮಾಮ? ಬೆಂಗಳೂರಲ್ಲಿ ನೀವು ದಿನಾ ಹೋಗೋ ದಾರೀಲಿ ಈಜಿಪುರ ಫ್ಲೈಓವರ್. 2017ರಲ್ಲಿ ಶುರು, 2019ಕ್ಕೆ ಗಡುವು. ಗಡುವು ದಾಟಿ ಎಷ್ಟು ವರ್ಷ ಬರೀ ಕಂಬ ನೋಡಿದ್ರಿ? ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್. ಐದು ವರ್ಷ ಎಲೆಕ್ಷನ್ ಇಲ್ಲ. ಆಮೇಲೆ 2025ರಲ್ಲಿ ಬಿಬಿಎಂಪಿನೇ ತೆಗೆದು ಐದು ಪಾಲಿಕೆ ಮಾಡಿದ್ರು. ಪರೀಕ್ಷೆ ಬರೀರಿ ಅಂದ್ರೆ ಕಾಲೇಜನ್ನೇ ಮುಚ್ಚಿ ಐದು ಹೊಸ ಕಾಲೇಜು ತೆಗೆದಂಗೆ. ಅವರ ಅಪ್ಪಂದಿರು ಯಾರೂ ಬಯ್ಯಲ್ವಾ?’

ಸಮಾಜ ವಿಜ್ಞಾನದಲ್ಲಿ ಈ ಹುಡುಗನಿಗೆ ಆಸಕ್ತಿ ಇರುವುದು ನಿಜ ಎಂದು ನನಗೆ ಆಗ ಖಾತ್ರಿಯಾಯಿತು.

‘ಅವ್ರು ಬಿಡು, ರಾಜಕಾರಣಿಗಳು’ ಅಂದೆ. ಅವನು ಗೋಡೆಯ ಡ್ರ್ಯಾಗನ್ ತೋರಿಸಿದ. ಅದರ ಕರ್ತೃ ಜಾರ್ಜ್ ಆರ್.ಆರ್. ಮಾರ್ಟಿನ್ ಐದನೇ ಸಂಪುಟ ಪ್ರಕಟಿಸಿದ್ದು 2011ರ ಜುಲೈಯಲ್ಲಿ. ಆರನೆಯದಕ್ಕೆ ಓದುಗರು ಅಂದಿನಿಂದ ಕಾಯುತ್ತಿದ್ದಾರೆ. ಅಂದು ಕಾಯಲು ಕೂತ ಹುಡುಗರಿಗೆ ಮದುವೆಯಾಗಿ ಮಕ್ಕಳಾಗಿರಬಹುದು. ಟಿವಿಯವರಿಗೆ ತಡೆಯಲಾಗದೆ 2019ರಲ್ಲಿ ತಾವೇ ಒಂದು ಕೊನೆ ಕಾಣಿಸಿದರು. ‘ಅವ್ರಿಗೆ ಜಗತ್ತೇ ಟೈಮ್ ಕೊಟ್ಟಿದೆ. ನಂಗೆ ಬಯಾಲಜಿ ಲೆಕ್ಚರರ್ ಸೋಮವಾರದವರೆಗೂ ಕೊಡಲ್ಲ.’

ಇಂಗ್ಲಿಷಿನವರ ಉದಾಹರಣೆ ನಮಗ್ಯಾಕೆ, ನಮ್ಮವರನ್ನು ನೋಡಿ ಕಲಿ ಎಂದು ಹೇಳಿದ್ದೇ ನನಗೆ ಉರುಳಾಯಿತು. ಹುಡುಗ ಎದ್ದು ಕೂತ. ‘ನಮ್ಮವರಾ? ಕುಮಾರವ್ಯಾಸ! ಹದಿನೆಂಟು ಪರ್ವದಲ್ಲಿ ಹತ್ತಕ್ಕೇ ನಿಲ್ಲಿಸಿದ. ಮಿಕ್ಕಿದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಹಾಗಂತ ಕುಮಾರವ್ಯಾಸಂಗೆ ಯಾರಾದ್ರೂ ಇನ್‌ಕಂಪ್ಲೀಟ್ ಅಂತ ಕೆಂಪು ಇಂಕಲ್ಲಿ ಬರೆದ್ರಾ? ಹಲಗೆ ಬಳಪ ಹಿಡಿಯದೇ ಇದ್ದಿದ್ದೇ ಅಗ್ಗಳಿಕೆ ಅಂತ ಅವನೇ ಹೇಳ್ಕೊಂಡಿದಾನೆ. ನಾನೂ ಹಿಡಿದಿಲ್ಲ.’

ಸಂಸ್ಕೃತ ತೆಗೆದುಕೊಂಡ ಹುಡುಗನಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ನಾನು ಕೇಳುವಷ್ಟರಲ್ಲಿ ಅವನು ಕಂದು ರಟ್ಟಿನ ಬಯಾಲಜಿ ರೆಕಾರ್ಡನ್ನು ನನ್ನ ಮುಂದೆ ಇಟ್ಟ. ಜೊತೆಗೆ ಎಚ್‌ಬಿ ಪೆನ್ಸಿಲು, ರಬ್ಬರು, ಚೂಪು ಮಾಡಿದ ಗುಲಾಬಿ ಬಣ್ಣದ ಕಡ್ಡಿ. ಸೋಮವಾರ ಸಬ್‌ಮಿಷನ್. ಪ್ರಾಕ್ಟಿಕಲ್ಲಿಗೆ ಮೂವತ್ತು ಅಂಕ, ರೆಕಾರ್ಡಿಗೆ ಸಹಿ ಆಗದಿದ್ದರೆ ಒಳಗೇ ಬಿಡುವುದಿಲ್ಲವಂತೆ. ಬುದ್ಧಿ ಹೇಳಲು ಬಂದವನು ಎಂಟೂವರೆ ಹೊತ್ತಿಗೆ ಈರುಳ್ಳಿ ಬೇರಿನ ತುದಿಯ ಕೋಶ ವಿಭಜನೆ ಬಿಡಿಸುತ್ತ ಕೂತಿದ್ದೆ. ಮೆಟಾಫೇಸಿನಲ್ಲಿ ಕ್ರೋಮೋಸೋಮುಗಳನ್ನು ನಡುಗೆರೆಯಲ್ಲಿ ಸಾಲಾಗಿ ನಿಲ್ಲಿಸುವುದು ಸುಲಭವಲ್ಲ. ಲೇಬಲ್ ಗೆರೆಗಳೆಲ್ಲ ಬಲಕ್ಕೇ ಬರಬೇಕು, ಸ್ಕೇಲಿಟ್ಟೇ ಎಳೆಯಬೇಕು ಎಂದು ಹುಡುಗ ಹಾಸಿಗೆಯ ಮೇಲಿಂದ ನಿರ್ದೇಶನ ಕೊಡುತ್ತಿದ್ದ. ಅನಾಫೇಸಿಗೆ ಬರುವ ಹೊತ್ತಿಗೆ ಭಾವ ಬಾಗಿಲಲ್ಲಿ ನಿಂತಿದ್ದರು.

‘ಏನಪ್ಪ, ಬುದ್ಧಿ ಹೇಳು ಅಂದ್ರೆ ಅವನ ಕೆಲಸ ನೀನು ಮಾಡ್ತಿದೀಯಲ್ಲ?’

‘ಇಲ್ಲ ಭಾವ, ತಿಮ್ಮಣ್ಣ ಕವಿಯ ಕೆಲಸ’ ಅಂದೆ.

ಭಾವ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು.

‘ತಿಮ್ಮಣ್ಣ ಅಂದ್ರೆ ಯಾವ ಕಾಲೇಜಿನ ಹುಡುಗ? ಫ್ಲೆಕ್ಸ್‌ನಲ್ಲಿ ನೋಡಿದ ನೆನಪಿಲ್ಲ. ಎಷ್ಟನೇ ರ‍್ಯಾಂಕು?’