ಕಳೆದುಹೋದ ಮೂಕಿ ಚಿತ್ರವನ್ನು ಮತ್ತೆ ಕಟ್ಟಬೇಕಾ?

ಪರ: ಕಟ್ಟಲೇಬೇಕು

1915ರಲ್ಲಿ ಅಮೆರಿಕದಲ್ಲಿ 'ದಿ ಬರ್ತ್ ಆಫ್ ಎ ನೇಷನ್' ತೆರೆಗೆ ಬಂತು. ಕಪ್ಪು ಜನರನ್ನು ದುಷ್ಟರನ್ನಾಗಿ, ಅವರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನವರನ್ನು ವೀರರನ್ನಾಗಿ ತೋರಿಸಿದ ಸಿನಿಮಾ. ಮರುವರ್ಷವೇ ನೋಬಲ್ ಜಾನ್ಸನ್, ಜಾರ್ಜ್ ಜಾನ್ಸನ್ ಎಂಬ ಕಪ್ಪು ಸಹೋದರರು ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಶುರು ಮಾಡಿದರು. ಅವರ ಮೊದಲ ಚಿತ್ರ 'ದಿ ರಿಯಲೈಸೇಷನ್ ಆಫ್ ಎ ನೀಗ್ರೋಸ್ ಆಂಬಿಷನ್'. ಎರಡೇ ರೀಲಿನ ಪುಟ್ಟ ಕಥಾಚಿತ್ರ. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ.

ಕಥೆ ಮಾತ್ರ ಗೊತ್ತಿದೆ. ಕಪ್ಪು ವಿದ್ಯಾರ್ಥಿಗಳ ಕಾಲೇಜಾದ ಟಸ್ಕೀಗಿಯಲ್ಲಿ ಎಂಜಿನಿಯರಿಂಗ್ ಓದಿದ ಜೇಮ್ಸ್ ಬರ್ಟನ್ ಅಪ್ಪನ ಹೊಲ ಬಿಟ್ಟು ಕ್ಯಾಲಿಫೋರ್ನಿಯಾದ ಎಣ್ಣೆ ಬಾವಿಗಳ ಕಡೆ ಹೊರಡುತ್ತಾನೆ. ಮೈಬಣ್ಣ ನೋಡಿ ಕೆಲಸ ಇಲ್ಲ ಅನ್ನುತ್ತಾರೆ. ಕುದುರೆಗಳು ಬೆದರಿ ಓಡುತ್ತಿದ್ದ ಗಾಡಿಯಿಂದ ಒಬ್ಬ ಹುಡುಗಿಯನ್ನು ಕಾಪಾಡುತ್ತಾನೆ. ಅವಳು ಎಣ್ಣೆ ಕಂಪನಿ ಮಾಲೀಕನ ಮಗಳು. ಕೆಲಸ ಸಿಗುತ್ತದೆ. ಎಣ್ಣೆ ಹುಡುಕುತ್ತಾ ಹೋದವನಿಗೆ, ಊರಿನ ನಮ್ಮ ಹೊಲದ ನೆಲವೂ ಹೀಗೇ ಇದೆಯಲ್ಲ ಅಂತ ಹೊಳೆಯುತ್ತದೆ. ವಾಪಸ್ ಬಂದು ಕೊರೆದರೆ ಎಣ್ಣೆ!

ಓದಿದ ಕಪ್ಪು ಹುಡುಗ, ಮರ್ಯಾದೆಯ ಕೆಲಸ, ಸ್ವಂತ ನೆಲ. 1916ರಲ್ಲಿ ಇದನ್ನು ತೆರೆ ಮೇಲೆ ನೋಡಿದವರಿಗೆ ಎಷ್ಟು ಹಿತವಾಗಿರಬೇಡ! ದ್ವೇಷದ ಸಿನಿಮಾ ಇವತ್ತು ಯಾರು ಬೇಕಾದರೂ ನೋಡಬಹುದು. ಅದೇ ಕಾಲದಲ್ಲಿ ಬಂದ ಈ ಉತ್ತರ ಮಾತ್ರ ಯಾರಿಗೂ ಸಿಗುವುದಿಲ್ಲ. ಇದು ಅನ್ಯಾಯ ಅಲ್ವಾ?

ದಾರಿ ಇದೆ. ಜಾರ್ಜ್ ಜಾನ್ಸನ್ ಜೋಪಾನವಾಗಿ ಕೂಡಿಟ್ಟ ಕಾಗದಪತ್ರ ಈಗ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದೆ. ಹಾಲಿವುಡ್ಡಿನ 'ಲಂಡನ್ ಆಫ್ಟರ್ ಮಿಡ್‌ನೈಟ್' ಕೂಡ ಕಳೆದುಹೋದ ಚಿತ್ರವೇ. 2002ರಲ್ಲಿ ಅದನ್ನು ಸ್ಟಿಲ್ ಫೋಟೋಗಳಿಂದಲೇ ಜೋಡಿಸಿ ತೋರಿಸಿದರು. ಇಲ್ಲಿ ಕಲಾವಿದರಿಂದ ಆಡಿಸಿ, 'ಇದು ಮರುಸೃಷ್ಟಿ' ಅಂತ ಮೊದಲೇ ಬರೆದರೆ ಯಾರಿಗೂ ಮೋಸ ಆಗುವುದಿಲ್ಲ. ನಮ್ಮ 'ಸತಿ ಸುಲೋಚನ'ದ (1934) ಪ್ರಿಂಟೂ ಇಲ್ಲ. ಮೊದಲ ಕನ್ನಡ ವಾಕ್ಚಿತ್ರವನ್ನು ಕಳೆದುಕೊಂಡ ನಮಗೆ ಈ ಆಸೆ ಸುಲಭವಾಗಿ ಅರ್ಥವಾಗುತ್ತದೆ.

ವಿರೋಧ: ಬೇಡ

ಕಥೆ ಗೊತ್ತಿದ್ದರೆ ಸಿನಿಮಾ ಗೊತ್ತಿದ್ದಂತೆ ಆಗುವುದಿಲ್ಲ. ಕೆಲಸ ಇಲ್ಲ ಅಂದಾಗ ಬರ್ಟನ್ ಪಾತ್ರದ ನೋಬಲ್ ಜಾನ್ಸನ್ ತಲೆ ತಗ್ಗಿಸಿದನಾ, ನೆಟ್ಟಗೆ ನೋಡಿದನಾ? ಕ್ಯಾಮೆರಾ ಹತ್ತಿರ ಹೋಯಿತಾ? ಇಡೀ ಚಿತ್ರದ ಜೀವ ಅಲ್ಲೇ ಇತ್ತು. ಅದನ್ನು ಇವತ್ತಿನ ನಟ ಮಾಡಿದರೆ ಅದು ಇವತ್ತಿನವರ ಊಹೆ.

1898ರ 'ಸಂಥಿಂಗ್ ಗುಡ್ – ನೀಗ್ರೋ ಕಿಸ್' ನೋಡಿ. ಅರ್ಧ ನಿಮಿಷವೂ ಇಲ್ಲ. ಒಬ್ಬ ಕಪ್ಪು ಗಂಡು, ಒಬ್ಬಳು ಕಪ್ಪು ಹೆಣ್ಣು ಮುತ್ತಿಡುತ್ತಾರೆ. ನಗುತ್ತಾರೆ, ಕೈ ಹಿಡಿದು ತೂಗುತ್ತಾರೆ, ಮತ್ತೆ ಮುತ್ತಿಡುತ್ತಾರೆ. ಯಾರನ್ನೂ ಗೇಲಿ ಮಾಡದ ಶುದ್ಧ ಖುಷಿ. ಕಾಗದದಲ್ಲಿ ಇದರ ಸಾರಾಂಶ 'ಇಬ್ಬರು ಮುತ್ತಿಡುತ್ತಾರೆ' ಅಷ್ಟೇ. ಅದನ್ನು ನಂಬಿ ಮರುಸೃಷ್ಟಿ ಮಾಡಿದ್ದರೆ ಆ ಕೈ ತೂಗುವುದು ಎಲ್ಲಿಂದ ಬರುತ್ತಿತ್ತು? ಚಿತ್ರವೇ ಸಿಕ್ಕಿದ್ದರಿಂದ ನಮಗೆ ಗೊತ್ತಾಯಿತು. 2018ರಲ್ಲಿ ಅದು ಕಾಪಾಡಬೇಕಾದ ಸಿನಿಮಾಗಳ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿ ಸೇರಿತು.

ಚಿತ್ರಗಳು ಇನ್ನೂ ಸಿಗುತ್ತಿವೆ. 1978ರಲ್ಲಿ ಕೆನಡಾದ ಡಾಸನ್ ಸಿಟಿಯಲ್ಲಿ ನೆಲ ಅಗೆಯುವಾಗ, ಹಳೆಯ ಈಜುಕೊಳ ತುಂಬಲು ಹಾಕಿದ್ದ 500ಕ್ಕೂ ಜಾಸ್ತಿ ರೀಲು ಸಿಕ್ಕವು. 1913ರ 'ದಿ ಎವಿಡೆನ್ಸ್ ಆಫ್ ದಿ ಫಿಲ್ಮ್' 1999ರಲ್ಲಿ ಮೊಂಟಾನಾದ ಒಂದು ಥಿಯೇಟರಿನ ಪ್ರೊಜೆಕ್ಷನ್ ಕೋಣೆಯ ನೆಲದ ಮೇಲೆ ಬಿದ್ದಿತ್ತು. ಮರುಸೃಷ್ಟಿ ಬಂದುಬಿಟ್ಟರೆ ಜನ 'ಆಯ್ತಲ್ಲ, ಸಿಕ್ಕಿತಲ್ಲ' ಅಂತ ಸುಮ್ನಾಗುತ್ತಾರೆ. ಕಂಪ್ಯೂಟರ್ ಹುಟ್ಟಿಸಿದ ದೃಶ್ಯ ಆದರಂತೂ 'ಇದು ಮರುಸೃಷ್ಟಿ' ಅನ್ನುವ ಶೀರ್ಷಿಕೆ ಕಳಚಿ, ನಾಲ್ಕು ಕಡೆ ಹರಿದಾಡಿ, ನಿಜವಾದ ಚಿತ್ರವೇ ಅನ್ನಿಸಿಕೊಳ್ಳುತ್ತದೆ.

ಲಿಂಕನ್ ಕಂಪನಿಯ ಐದು ಕಥಾಚಿತ್ರಗಳಲ್ಲಿ ಇವತ್ತು ನೋಡಲು ಸಿಗುವುದು 1921ರ 'ಬೈ ರೈಟ್ ಆಫ್ ಬರ್ತ್'ನ ಕೆಲವೇ ನಿಮಿಷ. ಹೆಸರಿಲ್ಲದ ಡಬ್ಬಿಗಳು ಎಲ್ಲೆಲ್ಲೋ ಬಿದ್ದಿರಬಹುದು. ಆ ಕಾಲದ ಸಿನಿಮಾ ಸುರುಳಿಯಾದ ನೈಟ್ರೇಟ್ ಫಿಲ್ಮು ತಾನಾಗಿ ಕೊಳೆಯುತ್ತದೆ, ಅಂಟಾಗುತ್ತದೆ, ಪುಡಿಯಾಗುತ್ತದೆ. ಬೆಂಕಿ ಹಿಡಿದರೆ ನೀರು ಹಾಕಿದರೂ ಆರದು. ಕೈಯಲ್ಲಿರುವ ದುಡ್ಡು ಮೊದಲು ಆ ಡಬ್ಬಿ ತೆರೆಯುವುದಕ್ಕೆ, ನಕಲು ತೆಗೆಯುವುದಕ್ಕೆ ಹೋಗಲಿ.