ಫೆಬ್ರವರಿಯ ಆ ನೂರು ರೂಪಾಯಿ

ಮೊನ್ನೆ ನೂರು ರೂಪಾಯಿ ವಿಷ್ಯಕ್ಕೆ ಒಂದು ಇಡೀ ಮಧ್ಯಾಹ್ನ ಹಾಳಾಯ್ತು. ಪ್ರೊಫೆಷನಲ್ ಟ್ಯಾಕ್ಸ್ ಗೊತ್ತಲ್ಲ, ಸಂಬಳದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟೋ ವೃತ್ತಿ ತೆರಿಗೆ, ನಮ್ಮ ಕರ್ನಾಟಕದಲ್ಲಿ 25 ಸಾವಿರ ಮತ್ತೆ ಅದಕ್ಕಿಂತ ಜಾಸ್ತಿ ಸಂಬಳ ಇರೋರಿಗೆ ನಾವು ಮಾಲೀಕರು ತಿಂಗಳಿಗೆ 200 ಹಿಡೀತೀವಿ, ವರ್ಷಗಟ್ಲೆ ಅದೇ 200, ಕೈ ತಾನಾಗೇ ಬರ್ಕೊಂಡು ಹೋಗುತ್ತೆ. 2025ರ ಏಪ್ರಿಲ್‌ನಿಂದ ಅದನ್ನ ಬದಲಾಯಿಸಿದಾರೆ, ಫೆಬ್ರವರಿ ಒಂದು ತಿಂಗಳು ಮಾತ್ರ 300. ಇದೇನಪ್ಪ ಇದು ಅಂತ ತಲೆ ಕೆರ್ಕೊಂಡು ಹುಡುಕಿದ್ರೆ ಉತ್ತರ ಸಂವಿಧಾನದಲ್ಲಿದೆ! 276ನೇ ವಿಧಿ ಪ್ರಕಾರ ಈ ತೆರಿಗೆನ ಒಬ್ಬರ ಹತ್ರ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ತಗೊಳ್ಳಂಗಿಲ್ಲ. 200 ಇಂಟು 12 ಅಂದ್ರೆ 2,400. ಉಳಿದಿದ್ದ ಆ ನೂರು ರೂಪಾಯಿನೂ ಬಿಡಬಾರ್ದು ಅಂತ ಯಾರೋ ಪುಣ್ಯಾತ್ಮರು ಕೂತು ಲೆಕ್ಕ ಹಾಕಿದಾರೆ. ಮೆಚ್ಚಬೇಕು.

ನಾನು ಮೆಚ್ಚೋ ಹೊತ್ತಿಗೆ ಸಂಬಳ ಬಟವಾಡೆ ಆಗೋಗಿತ್ತು. ಒಂಬತ್ತು ಜನಕ್ಕೆ 200 ಹಿಡಿದಾಗಿತ್ತು, ಈಗ ಹೋಗಿ ಇನ್ನೂ ನೂರು ಕೊಡ್ರಪ್ಪ ಅಂತ ಕೇಳೋಕೆ ಮುಖ ಇಲ್ಲ, 900 ರೂಪಾಯಿ ನಾನೇ ಕಟ್ಟಿದೆ. ನಮ್ಮ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಎಲ್ಲಾ ನೋಡ್ಕೊಳ್ಳೋ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಯಾಕ್ ಸಾರ್ ಹೇಳ್ಲಿಲ್ಲ ಅಂದ್ರೆ, "ಹೋದ ವರ್ಷನೇ ಗ್ರೂಪಲ್ಲಿ ಹಾಕಿದ್ನಲ್ಲ ಸಾರ್" ಅಂದ್ರು. ಹಾಕಿದ್ದು ನಿಜಾನೇ. ಮೇಲಕ್ಕೆ ತಳ್ಕೊಂಡು ಹೋಗಿ ನೋಡ್ದೆ, ಎರಡು ಗುಡ್ ಮಾರ್ನಿಂಗ್, ಒಂದು ರಾಮನವಮಿ ಶುಭಾಶಯದ ಮಧ್ಯೆ ಒಂದು ಇಂಗ್ಲಿಷ್ ಪಿಡಿಎಫ್ ಬಿದ್ದಿತ್ತು. ಕೆಳಗೆ ಎಲ್ಲರದ್ದೂ ಥಂಬ್ಸ್ ಅಪ್. ನಂದೂ ಇತ್ತು.

ಪೀಣ್ಯದಲ್ಲಿ ನಂದೊಂದು ಸಣ್ಣ ಮಷಿನ್ ಶಾಪ್, ಇಪ್ಪತ್ನಾಲ್ಕು ಜನ ಇದೀವಿ. ಎಚ್‌ಆರ್ ಮ್ಯಾನೇಜರು, ಲೀಗಲ್ ಡಿಪಾರ್ಟ್‌ಮೆಂಟು, ಡ್ರಾಯಿಂಗ್ ಓದೋನು, ಪಾರ್ಟಿಗೆ ಪೇಮೆಂಟ್ ಕೇಳೋನು ಎಲ್ಲಾ ನಾನೇ. ಕಾನೂನು ಬದಲಾಗ್ಲಿ, ಬದಲಾಗಬೇಕು, ಅದಕ್ಕೆ ನನ್ನ ತಕರಾರಿಲ್ಲ. ಬದಲಾಗಿದೆ ಅಂತ ನನ್ನಂಥೋನಿಗೆ ಗೊತ್ತಾಗೋ ದಾರಿ ಇದೆಯಲ್ಲ, ಸಿಟ್ಟು ಬರೋದು ಅದಕ್ಕೆ.

2025ರ ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್, ಅಂದ್ರೆ ಹೊಸ ಕಾರ್ಮಿಕ ಕಾನೂನು, ಜಾರಿಗೆ ಬಂತು. 29 ಹಳೇ ಕಾಯ್ದೆ ಸೇರಿಸಿ ನಾಲ್ಕು ಮಾಡಿರೋದು. ಒಂದು 2019ರಲ್ಲೇ ಪಾಸ್ ಆಗಿತ್ತು, ಉಳಿದ ಮೂರು 2020ರಲ್ಲಿ. ಆಮೇಲೆ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಐದು ವರ್ಷ ಕಾಯ್ಸಿ ಕಾಯ್ಸಿ, ನಾವೆಲ್ಲ ಇದು ಬರಲ್ಲ ಬಿಡು ಅಂತ ಮರೆತ ಮೇಲೆ ಒಂದು ಶುಕ್ರವಾರ ದಿಢೀರಂತ ಇವತ್ತಿಂದಾನೇ ಜಾರಿ ಅಂದ್ರು. ರೂಲ್ಸು? ಅದು ಆಮೇಲೆ, ಅಲ್ಲಿವರೆಗೆ ಹಳೇ ರೂಲ್ಸೇ ನಡೀಲಿ ಅಂದ್ರು. ಹೊಸ ಮನೆ ಗೃಹಪ್ರವೇಶ ಆಯ್ತು, ಅಡುಗೆ ಮಾತ್ರ ಹಳೇ ಮನೇಲಿ.

ಶನಿವಾರ ಬೆಳಿಗ್ಗೆ ನಮ್ಮ ವಿಎಂಸಿ (ಲೋಹ ಕೊರೆಯೋ ಕಂಪ್ಯೂಟರ್ ಮಷಿನ್) ಆಪರೇಟರ್, ಹನ್ನೊಂದು ವರ್ಷದಿಂದ ಜೊತೇಲಿರೋನು, ಬಂದು ಕೇಳ್ದ, "ಅಣ್ಣ, ಇನ್ಮೇಲೆ ಕೈಗೆ ಬರೋ ಸಂಬಳ ಕಮ್ಮಿ ಆಗುತ್ತಂತಲ್ಲ?" ಯಾವ್ದೋ ಯೂಟ್ಯೂಬ್ ಚಾನೆಲ್ ನೋಡಿ ರಾತ್ರಿ ನಿದ್ದೆ ಮಾಡಿಲ್ಲ ಪಾಪ. ನನಗೂ ಗೊತ್ತಿಲ್ಲ. ಇರಪ್ಪ ಅಂತ ಕ್ಯಾಲ್ಕುಲೇಟರ್ ಹಿಡ್ಕೊಂಡು ಇಬ್ರೂ ಕೂತ್ವಿ.

ಅವನ ಸಂಬಳ 40 ಸಾವಿರ. ಅದ್ರಲ್ಲಿ ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 16 ಸಾವಿರ, ಮಿಕ್ಕ 24 ಸಾವಿರ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಕನ್ವೇಯನ್ಸು, ಸ್ಪೆಷಲ್ ಅಲೊವೆನ್ಸು, ಕೊನೆಗೆ ವಾಷಿಂಗ್ ಅಲೊವೆನ್ಸ್ ಬೇರೆ (ಯೂನಿಫಾರ್ಮೇ ಕೊಟ್ಟಿಲ್ಲ ನಾನು). ಹೊಸ ಲೆಕ್ಕದಲ್ಲಿ ಈ ಅಲೊವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ, ದಾಟಿದ್ದಷ್ಟನ್ನ ವೇತನಕ್ಕೇ ಸೇರಿಸ್ಬೇಕು. ಅಂದ್ರೆ ಅವನ ವೇತನ 16 ಅಲ್ಲ, 20 ಸಾವಿರ. ಪಿಎಫ್? ನಾವು ಕಟ್ಟೋದು 15 ಸಾವಿರದ ಮಿತಿಗೆ 12 ಪರ್ಸೆಂಟು, 1,800. ನಿನ್ನೆನೂ ಅಷ್ಟೇ, ಇವತ್ತೂ ಅಷ್ಟೇ. ಅವನ ಕೈಗೆ ಬರೋದ್ರಲ್ಲಿ ಒಂದು ಪೈಸೆ ಕಮ್ಮಿ ಆಗಲ್ಲ.

ಬದಲಾಗೋದು ಗ್ರಾಚ್ಯುಟಿ, ಕೆಲ್ಸ ಬಿಟ್ಟು ಹೋಗುವಾಗ ಮಾಲೀಕ ಕೊಡೋ ದುಡ್ಡು. ವರ್ಷಕ್ಕೆ 15 ದಿನದ ವೇತನ, ತಿಂಗಳನ್ನ 26 ದಿನ ಅಂತ ಭಾಗಿಸಿ. 16 ಸಾವಿರಕ್ಕೆ ಹನ್ನೊಂದು ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷದ 1,500. 20 ಸಾವಿರಕ್ಕೆ 1 ಲಕ್ಷದ 27 ಸಾವಿರ. ಅವನು ಸ್ಕ್ರೀನ್ ನೋಡ್ದ, ಆಮೇಲೆ ನನ್ನ ಮುಖ ನೋಡ್ದ. "ಹಂಗಾದ್ರೆ ಈ ಇಪ್ಪತ್ತೈದು ಸಾವಿರ ಇಷ್ಟು ದಿನ ಎಲ್ಲಿತ್ತಣ್ಣ?"

ಏನ್ ಹೇಳ್ಲಿ. ಸಂಬಳನ ಹಿಂಗೆ ತುಂಡು ತುಂಡು ಮಾಡೋದು ನಾವು ಮಾಲೀಕರೇ ಕಲ್ತಿರೋ ಚಾಲಾಕಿತನ, ಕನ್ಸಲ್ಟೆಂಟ್ ಹೇಳ್ಕೊಟ್ಟ, ನಾವು ಮಾಡಿದ್ವಿ. 20 ಜನ ಆದ್ರೆ ಪಿಎಫ್ ಕಟ್ಟಬೇಕು ಅಂತ ನಾನೇ ಮೂರು ವರ್ಷ 19ಕ್ಕೇ ನಿಲ್ಲಿಸ್ಕೊಂಡು, ಬಂದ ಆರ್ಡರ್ ಬೇಡ ಅಂದಿದೀನಿ. ನನಗೆ ಹೊಸ ಕಾನೂನು ಅಂದ್ರೆ ಅರ್ಧ ಭಯ ಯಾಕಪ್ಪ ಅಂದ್ರೆ ಹಳೇದನ್ನ ಎಲ್ಲೆಲ್ಲಿ ಬಗ್ಗಿಸಿದೀನಿ ಅಂತ ನನಗೇ ಗೊತ್ತಿರೋದ್ರಿಂದ.

ಆದ್ರೆ ಇನ್ನರ್ಧ ನನ್ನ ತಪ್ಪಲ್ಲ ಸ್ವಾಮಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಋತುಚಕ್ರ ರಜೆ ಬಂತು, ತಿಂಗಳಿಗೆ ಒಂದು ದಿನ ಸಂಬಳ ಸಹಿತ, ವರ್ಷಕ್ಕೆ ಹನ್ನೆರಡು. ಅದನ್ನ ನನಗೆ ಹೇಳಿದ್ದು ಯಾವ ಇಲಾಖೆನೂ ಅಲ್ಲ, ಇನ್‌ಸ್ಪೆಕ್ಷನ್ ಟೇಬಲ್ಲಲ್ಲಿ ಕೂರೋ ಅಕ್ಕ. ಕನ್ನಡ ಪೇಪರ್ ಕಟಿಂಗ್ ತಂದು ಟೇಬಲ್ ಮೇಲಿಟ್ಟು ಏನೂ ಮಾತಾಡದೆ ಹೋದ್ರು. ಕನ್ನಡದಲ್ಲಿ ಎಂಟು ಸಾಲು, ಎಲ್ಲಾ ಅರ್ಥ ಆಯ್ತು, ಆ ತಿಂಗಳಿಂದಾನೇ ಕೊಟ್ಟೆ. ಹಿಂಗೆ ಎಂಟು ಸಾಲು ಯಾಕಾಗಲ್ಲ ಪ್ರತಿ ಬದಲಾವಣೆಗೂ? ನಮ್ಮ ಮೊಬೈಲ್ ನಂಬರು, ಮೇಲ್ ಐಡಿ ಎಲ್ಲಾ ಪೋರ್ಟಲ್‌ನಲ್ಲಿ ಇದೆ, ಕಟ್ಟೋ ತಾರೀಖು ತಪ್ಪಿದ್ರೆ ನೋಟಿಸ್ ಕರೆಕ್ಟಾಗಿ ಮನೆ ಬಾಗಿಲಿಗೆ ಬರುತ್ತೆ. ನೋಟಿಸ್‌ಗೆ ಗೊತ್ತಿರೋ ಅಡ್ರೆಸ್ಸು ಸುದ್ದಿಗೆ ಗೊತ್ತಿಲ್ವಾ?

ಇನ್ನೊಂದು ನೆನಪಾಯ್ತು. 2025ರ ಆಗಸ್ಟ್‌ನಿಂದ ಹೊಸಬ್ರಿಗೆ ಪಿಎಫ್‌ನ ಯುಎಎನ್ ನಂಬರ್ ಬೇಕಂದ್ರೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸ್ಬೇಕು. ಒಡಿಶಾದ ಹುಡುಗ ಒಬ್ಬ ಸೇರಿದ, ಡಿಬರಿಂಗ್ (ಲೋಹದ ಚೂಪು ಅಂಚು ಉಜ್ಜೋ ಕೆಲ್ಸ) ಮಾಡ್ತಾ ಮುಖದ ತುಂಬ ಕಪ್ಪು, ಶೆಡ್ಡಲ್ಲಿ ಟ್ಯೂಬ್‌ಲೈಟ್ ಮಿಣಿಮಿಣಿ. ಫೋನ್ ಒಪ್ತಾನೇ ಇಲ್ಲ. ಕೊನೆಗೆ ಮುಖ ತೊಳ್ಸಿ ಗೇಟ್ ಹೊರಗೆ ಹೊಂಗೆ ಮರದ ಪಕ್ಕ ನಿಲ್ಸಿ, ನನಗೆ ಬರೋ ಅರೆಬರೆ ಹಿಂದೀಲಿ ಆಂಖ್ ಬಂದ್ ಕರೋ, ಖೋಲೋ, ಫಿರ್ ಬಂದ್ ಕರೋ ಅಂತ ನಾನು, ಅವನು ಪಾಪ ಒಂದೇ ಸಮ ಕಣ್ಣು ಮಿಟುಕಿಸ್ತಾ. ಪಕ್ಕದ ಪೌಡರ್ ಕೋಟಿಂಗ್ ಶೆಡ್‌ನೋರೆಲ್ಲ ಕೆಲ್ಸ ಬಿಟ್ಟು ನೋಡ್ತಿದಾರೆ. ಏಳನೇ ಸಲಕ್ಕೆ ಆಯ್ತು. ಎಲ್ಲರೂ ಚಪ್ಪಾಳೆ.

ಈಗ ಏನ್ ಮಾಡಿದೀನಿ ಅಂದ್ರೆ, ಪಂಚಿಂಗ್ ಮಷಿನ್ ಪಕ್ಕ ಒಂದು ಬೋರ್ಡ್ ಹಾಕಿದೀನಿ. ಯಾರಿಗೆ ಏನ್ ಸುದ್ದಿ ಸಿಕ್ರೂ ಕನ್ನಡದಲ್ಲಿ ಬರೆದು ಅಂಟಿಸಿ, ನಿಜನೋ ಸುಳ್ಳೋ ನಾನು ಕನ್ಸಲ್ಟೆಂಟ್ ಹತ್ರ ಕೇಳಿ ಕೆಳಗೆ ಬರೀತೀನಿ. ಮೊದಲನೇ ಚೀಟಿ ಆ ವಿಎಂಸಿ ಹುಡುಗಂದೇ: "ಏಪ್ರಿಲ್ 1ರಿಂದ ಮಿನಿಮಮ್ ವೇಜಸ್ ಡಿಎ ಎಷ್ಟು?" ನಾಲ್ಕು ದಿನ ಆಯ್ತು, ಕೆಳಗಡೆ ಜಾಗ ಇನ್ನೂ ಖಾಲಿ ಇದೆ.