ಕುಂಬಳಕಾಯಿ ತೋರಿಸಿದವರ ಹೆಗಲು

ಲ್ಯಾಬಿನ ಕಂಪ್ಯೂಟರಿಗೆ ಒಂದು ಪಾಸ್‌ವರ್ಡ್ ಇದೆ. ಮರೆತುಹೋಗಬಾರದು ಅಂತ ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದಾರೆ. ಮೂರು ವರ್ಷದಿಂದ ಚೀಟಿ ಅಲ್ಲೇ ಇದೆ. ಮೇಷ್ಟ್ರು ನೋಡಿದ್ದಾರೆ, ಗುಮಾಸ್ತರು ನೋಡಿದ್ದಾರೆ, ಕಸ ಗುಡಿಸುವವರೂ ನೋಡಿದ್ದಾರೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಸರ್, ಇದನ್ನು ಹಾಕಿದರೆ ಎಲ್ಲರ ಅಂಕಪಟ್ಟಿಯೂ ತೆರೆಯುತ್ತೆ" ಅಂದಳು. ಅಲ್ಲಿವರೆಗೂ ಶಾಲೆ ಭದ್ರವಾಗಿತ್ತು. ಅವಳು ಬಾಯಿ ಬಿಟ್ಟ ಮೇಲೆ ಸೈಬರ್ ದಾಳಿ ಶುರುವಾಯಿತು.

ತುರ್ತು ಸಭೆ ಸೇರಿತು. ಚೀಟಿಯ ಬಗ್ಗೆ ಅಲ್ಲ, ಹುಡುಗಿಯ ಬಗ್ಗೆ.

"ನಿನಗೆ ಹೇಗೆ ಗೊತ್ತಾಯಿತು?"

"ಓದಿದೆ ಸರ್."

"ಯಾಕೆ ಓದಿದೆ?"

ಶಾಲೆಯಲ್ಲಿ ಮಕ್ಕಳಿಗೆ ಈ ಪ್ರಶ್ನೆಯನ್ನೂ ಕೇಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುವವರು ಹಿಂದೆ ಇದ್ದರು. ಈಗಿನವರು ಜಾಣರು. ಕುಂಬಳಕಾಯಿ ತೋರಿಸಿದವರ ಹೆಗಲು ಮುಟ್ಟಿ ನೋಡುತ್ತಾರೆ.

ಈ ಹುಡುಗಿಯನ್ನು ಸುಮ್ನೆ ನಾನೇ ಕಟ್ಟಿದ್ದು. ಕೆನಡಾದ ಮಾಂಟ್ರಿಯಲ್‌ನ ಹುಡುಗ ಮಾತ್ರ ನಿಜ. 2012ರಲ್ಲಿ ಅಲ್ಲಿನ ಡಾಸನ್ ಕಾಲೇಜಿನಲ್ಲಿ ಓದುತ್ತಿದ್ದ ಅವನು, ಗೆಳೆಯನ ಜೊತೆ ಸೇರಿ ಮೊಬೈಲ್ ಆ್ಯಪ್ ಮಾಡಲು ಹೊರಟಾಗ ಕಾಲೇಜಿನ ಪೋರ್ಟಲ್‌ನಲ್ಲಿ ತೂತು ಕಂಡ. 2,50,000ಕ್ಕೂ ಜಾಸ್ತಿ ವಿದ್ಯಾರ್ಥಿಗಳ ಖಾಸಗಿ ವಿವರ ಸೋರಿಹೋಗುವಂಥ ತೂತು. ಹೋಗಿ ಹೇಳಿದ. ಶಹಬ್ಬಾಸ್ ಅಂದರು. ಕೆಲವೇ ದಿನ ಬಿಟ್ಟು, ತೂತು ಮುಚ್ಚಿದ್ದಾರಾ ಅಂತ, ತೂತು ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಓಡಿಸಿ ನೋಡಿದ. ಕೇಳದೆ ಹಾಗೆ ಮಾಡಿದ್ದು ತಪ್ಪೇ, ನಾನೂ ಒಪ್ಪುತ್ತೇನೆ. ಕಿವಿ ಹಿಂಡಿ ಬಿಡಬಹುದಿತ್ತು. ಆದರೆ 15 ಪ್ರಾಧ್ಯಾಪಕರಲ್ಲಿ 14 ಮಂದಿ ಅವನನ್ನು ಕಾಲೇಜಿನಿಂದಲೇ ಹೊರಗೆ ಹಾಕಿ ಅಂತ ಮತ ಕೊಟ್ಟರು. ಎಲ್ಲರೂ ಕಂಪ್ಯೂಟರ್ ವಿಭಾಗದವರೇ! ಸುದ್ದಿ ಹೊರಗೆ ಬಂದ ಮೇಲೆ, ಪೋರ್ಟಲ್ ಮಾಡಿದ ಕಂಪನಿಯೇ "ಬಾಪ್ಪ, ನಮ್ಮಲ್ಲಿ ಕೆಲಸ ಮಾಡು" ಎಂಬ ಧಾಟಿಯಲ್ಲಿ ಕರೆಯಿತು. ತೂತು ಬಿಟ್ಟವರಿಗೆ ಹುಡುಗನ ಬೆಲೆ ತಿಳಿಯಿತು, ಪಾಠ ಹೇಳಿದವರಿಗೆ ತಿಳಿಯಲಿಲ್ಲ.

ಇಂಥ ಒಳ್ಳೆಯ ಪದ್ಧತಿಯನ್ನು ಕೆಡಿಸುವವರೂ ಇದ್ದಾರೆ. 2021ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಕೆಲವು ಹುಡುಗರು ಒಂದೇ ಆಡಳಿತದ 6 ಹೈಸ್ಕೂಲುಗಳ ಪರದೆಗಳನ್ನು ಕೈಗೆ ತೆಗೆದುಕೊಂಡು ಒಂದು ಹಳೆಯ ಹಾಡು ಹಾಕಿದರು. ಜೊತೆಗೆ ಎಲ್ಲೆಲ್ಲಿ ಏನೇನು ಸಡಿಲವಿದೆ ಅಂತ 26 ಪುಟದ ವರದಿ ಕಳಿಸಿದರು. ಯಾರೂ ಕೊಡದ ಹೋಮ್‌ವರ್ಕ್, 26 ಪುಟ! ಆಡಳಿತದವರು ಶಿಕ್ಷೆ ಕೊಡುವುದು ಬಿಟ್ಟು ಥ್ಯಾಂಕ್ಸ್ ಹೇಳಿದರು. ನೆದರ್‌ಲ್ಯಾಂಡ್ಸ್ ಸರ್ಕಾರದ್ದು ಇನ್ನೂ ಅತಿಯಾಯಿತು. ತನ್ನ ವ್ಯವಸ್ಥೆಯ ತೂತು ತೋರಿಸಿದವರಿಗೆ ಅದು ಟೀ ಶರ್ಟ್ ಕೊಡುತ್ತದೆ. ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದೆ, ಸಿಕ್ಕಿದ್ದು ಈ ದರಿದ್ರ ಟೀ ಶರ್ಟ್ ಅಷ್ಟೇ ಅಂತ ಅದರ ಮೇಲೆ ಬರೆದಿರುತ್ತದೆ. ಹೀಗಾದರೆ ಶಿಸ್ತು ಎಲ್ಲಿ ಉಳಿಯುತ್ತೆ ಹೇಳಿ?

ಮಾತು ನಂಬಬೇಕಾದರೆ ಕಳ್ಳರ ಮಾತು ನಂಬಬೇಕು. 2024ರ ಡಿಸೆಂಬರಿನಲ್ಲಿ, ಶಾಲೆಗಳ ದಾಖಲೆ ಇಟ್ಟುಕೊಳ್ಳುವ ಪವರ್‌ಸ್ಕೂಲ್ ಕಂಪನಿಯೊಳಗೆ ಕದ್ದ ಲಾಗಿನ್ ಹಿಡಿದು ನುಗ್ಗಿದರು. ಕೋಟಿಗಟ್ಟಲೆ ಮಕ್ಕಳ ವಿವರ ಹೋಯಿತು. ಕಂಪನಿ ಹಣ ಕೊಟ್ಟಿತು. ಎಲ್ಲ ಅಳಿಸಿದ್ದೇವೆ ನೋಡಿ ಅಂತ ಅವರು ವಿಡಿಯೊ ತೋರಿಸಿದರು. ಕಂಪನಿ ನಂಬಿತು. 2025ರ ಮೇ ತಿಂಗಳಿಗೆ ಅದೇ ಮಾಹಿತಿ ಹಿಡಿದು ನೇರವಾಗಿ ಶಾಲೆಗಳಿಗೇ ಬೆದರಿಕೆ ಬಂತು. ಆ ಹಣದಲ್ಲಿ ಎಷ್ಟು ಟೀ ಶರ್ಟ್ ಬರುತ್ತಿತ್ತೋ!

ಇತ್ತ ನಮ್ಮ ಹುಡುಗಿಗೆ ಹತ್ತು ದಿನ ಸಸ್ಪೆನ್ಷನ್ ಆಯಿತು. ಲಾಗಿನ್ ಬಂದ್ ಮಾಡಿದರು. ಕ್ಷಮಾಪಣೆ ಪತ್ರವನ್ನು ಮಾತ್ರ ಶಾಲೆಯ ಪೋರ್ಟಲ್‌ಗೇ ಹಾಕಬೇಕಂತೆ.

"ನನ್ನ ಲಾಗಿನ್ ಇಲ್ವಲ್ಲ ಸರ್, ಹೇಗೆ ಹಾಕಲಿ?" ಅಂದಳು.

"ಲ್ಯಾಬಿಗೆ ಹೋಗಿ ಹಾಕು. ಪಾಸ್‌ವರ್ಡ್ ಅಲ್ಲೇ ಅಂಟಿಸಿದೆ."